ಎರೆಹುಳು ಕೊಳ್ಳುವ ಮುನ್ನ



ಕಳೆದ ತಿಂಗಳ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಸಲಹೆ ಬಂದಿತು. ಸಂಘದ ಅಭಿವೃದ್ಧಿ ನಿಧಿಯಿಂದ 1 ಲಕ್ಷ 80 ಸಾವಿರ ರೂಪಾಯಿ ತೆಗೆದು ಎರೆಹುಳುಗಳನ್ನೂ, ದರಗನ್ನು ಬೇಗ ಕೊಳೆಸುತ್ತದೆ ಎನ್ನಲಾದ ಒಂದು 'ಎಂಜೈಮ್' ದ್ರಾವಣದ ಬಾಟಲಿಗಳನ್ನೂ ಕೊಂಡು ಸದಸ್ಯರಿಗೆ ಅರ್ಧ ಬೆಲೆಗೆ ಹಂಚಬೇಕು ಎಂಬುದು ಆ ಸಲಹೆ. ತಂದವರ ಉದ್ದೇಶ ಒಳ್ಳೆಯದೇ. ಗೊಬ್ಬರದ ಬೆಲೆ ಏರುತ್ತಿದೆ, ಸೊಪ್ಪಿನಬೆಟ್ಟ ಬರಿದಾಗುತ್ತಿದೆ, ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿದೆ. ಇಂಥ ಹೊತ್ತಿನಲ್ಲಿ ಏನಾದರೂ ಮಾಡಬೇಕೆಂಬ ಕಳಕಳಿ ಸಹಜವಾದುದು. ವಿಷಯವನ್ನು ಬರುವ ವಾರ್ಷಿಕ ಮಹಾಸಭೆಯ ತೀರ್ಮಾನಕ್ಕೆ ಬಿಡಲಾಗಿದೆ.

ಕಾರ್ಯದರ್ಶಿಯಾದವನು ನಡವಳಿ ಬರೆಯಬೇಕೇ ಹೊರತು ಪಕ್ಷ ಹಿಡಿಯಬಾರದು ಎನ್ನುವವರಿದ್ದಾರೆ. ಆದರೆ ನಾನೂ ಈ ಸಂಘದ ಒಬ್ಬ ಸದಸ್ಯ. ಮೂರು ಎಕರೆ ಕಾಫಿ, ಎರಡು ಎಕರೆ ಅಡಿಕೆ ಇಟ್ಟುಕೊಂಡು ಮೂವತ್ತು ವರ್ಷದಿಂದ ಮಣ್ಣಿನೊಡನೆ ವ್ಯವಹರಿಸುತ್ತಿರುವವನು. ಆ ಹಕ್ಕಿನಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಹಣವನ್ನು ಹುಳುವಿಗೂ ಬಾಟಲಿಗೂ ಹಾಕಬಾರದು. ಯಾಕೆ ಹಾಕಬಾರದು ಎಂಬುದು ಎರೆಹುಳುವಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಅರ್ಥವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. ಸದಸ್ಯರು ಸಮಾಧಾನದಿಂದ ಓದಬೇಕೆಂದು ವಿನಂತಿ.

ಮೊದಲು ನನ್ನ ಸ್ವಂತ ಅವಿವೇಕದ ಕಥೆ. 2014ರ ಮಳೆಗಾಲದ ಆರಂಭದಲ್ಲಿ ನಾನು 5 ಕಿಲೋ ಹುಳು ಕೊಂಡು ತಂದೆ. ಕೆಂಪು ಬೆರೆತ ಕಂದು ಬಣ್ಣದ, ಬಹಳ ಚುರುಕಾದ, ಆಫ್ರಿಕಾ ಮೂಲದ ಹುಳು. ಮಾರಿದವರು, 'ಅರ್ಧ ಎಕರೆಗೆ ಬಿಡಿ, ಎರಡು ವರ್ಷದಲ್ಲಿ ತೋಟವೆಲ್ಲ ತುಂಬಿಕೊಳ್ಳುತ್ತದೆ' ಎಂದಿದ್ದರು. ಒಂದು ಬೆಳಗ್ಗೆ ನಾನೂ ಮಗನೂ ಸೇರಿ ಅಡಿಕೆ ಮರಗಳ ಬುಡಕ್ಕೆ ಅವನ್ನು ಹಂಚಿ ಬಿಟ್ಟೆವು. ಆ ತೋಟವನ್ನು ಆಗ ನಾನು ಬಹಳ ಚೊಕ್ಕಟವಾಗಿ ಇಟ್ಟಿದ್ದೆ. ಸೋಗೆಯಾಗಲಿ ಹಾಳೆಯಾಗಲಿ ನೆಲದ ಮೇಲೆ ಇರಲು ಬಿಡುತ್ತಿರಲಿಲ್ಲ. ಬಂದ ನೆಂಟರು 'ನಿಮ್ಮ ತೋಟ ಅಂಗಳದ ಹಾಗಿದೆ' ಎಂದು ಹೊಗಳಿದರೆ ಹಿಗ್ಗುತ್ತಿದ್ದೆ. ಮುಂದಿನ ವರ್ಷ ಮಳೆ ಹಿಡಿದ ಮೇಲೆ ಗುದ್ದಲಿ ಹಿಡಿದು ಹತ್ತು ಕಡೆ ಅಗೆದು ನೋಡಿದೆ. ಕೆಂಪು ಹುಳು ಒಂದೂ ಸಿಗಲಿಲ್ಲ. ಆದರೆ ಕೊಟ್ಟಿಗೆಯ ಹಿಂದೆ, ಹುಳು ತಂದ ಚೀಲವನ್ನು ಕೊಡವಿದ್ದ ಗೊಬ್ಬರ ಗುಂಡಿಯ ಅಂಚಿನಲ್ಲಿ, ಅದೇ ಹುಳುಗಳು ಗೊಂಚಲು ಗೊಂಚಲಾಗಿ ಹೊರಳಾಡುತ್ತಿದ್ದವು. ದುಡ್ಡು ಕೊಟ್ಟು ತೋಟಕ್ಕೆ ಬಿಟ್ಟವು ಹೋದವು. ಚೀಲಕ್ಕೆ ಅಂಟಿಕೊಂಡು ಉಳಿದ ನಾಲ್ಕು ಬದುಕಿದವು. ಇದನ್ನು ಕೇಳಿದ ನೆರೆಮನೆಯ ಹಿರಿಯರು, 'ಉಣ್ಣಲಿಕ್ಕೆ ಇಲ್ಲದ ಮನೆಗೆ ನೆಂಟರನ್ನು ಕರೆದ ಹಾಗಾಯ್ತಲ್ಲ ಮಾರಾಯ್ರೆ' ಎಂದು ನಕ್ಕರು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಮೇಣದ ತಟ್ಟೆಯ ಮೇಲೆ ಎರೆಹುಳುವನ್ನು ಗುಂಡುಸೂಜಿಯಿಂದ ಚುಚ್ಚಿ ಸೀಳಿ ನೋಡಿದ್ದೆವು. ಬಾಯಿ, ಗಂಟಲು, ಅನ್ನನಾಳ, ಆಮೇಲೆ ಕೋಳಿಗೆ ಇರುವಂಥ ಗಟ್ಟಿ ಸ್ನಾಯುವಿನ ಒಂದು ಅರೆಯುವ ಚೀಲ, ಅಲ್ಲಿಂದ ಬಾಲದ ತನಕ ನೇರವಾದ ಕರುಳು. ಹುಳುವಿಗೆ ಹಲ್ಲಿಲ್ಲ. ತಿಂದ ಎಲೆಯ ಚೂರನ್ನು ಜೊತೆಗೆ ನುಂಗಿದ ಮರಳಿನ ಹರಳುಗಳೇ ಆ ಚೀಲದಲ್ಲಿ ಅರೆಯುತ್ತವೆ. ಕರುಳಿನ ಮೇಲ್ಭಾಗ ಒಳಕ್ಕೆ ಮಡಿಚಿಕೊಂಡು, ಸಾರ ಹೀರುವ ಜಾಗವನ್ನು ಹೆಚ್ಚಿಸುತ್ತದೆ. ಪಿಷ್ಟ, ಸಸಾರಜನಕ ಮತ್ತು ಕೊಬ್ಬನ್ನು ಒಡೆಯುವ ಕಿಣ್ವಗಳು ಅಲ್ಲಿ ಇವೆ. ಬಾಟಲಿಯ ಮೇಲೆ 'ಎಂಜೈಮ್' ಎಂದು ಬರೆದಿರುತ್ತಾರಲ್ಲ, ಅದನ್ನೇ ಕನ್ನಡದಲ್ಲಿ ಕಿಣ್ವ ಎನ್ನುವುದು. ಪರೀಕ್ಷೆಗೆ ಇಷ್ಟು ಬರೆದು ಅಂಕ ಪಡೆದು ಮರೆತಿದ್ದೆ. ಆ ಕಿಣ್ವಗಳನ್ನೆಲ್ಲ ಹುಳುವೇ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಆಗ ನಾವು ಕೇಳಲಿಲ್ಲ. ತೋಟ ಇಟ್ಟುಕೊಂಡವನಿಗೆ ಮುಖ್ಯವಾದ ಪ್ರಶ್ನೆ ಅದೇ.

ಈ ಪ್ರಶ್ನೆಯ ಒಂದು ತುದಿಯನ್ನು ಹಿಡಿದವನು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್. 1881ರಲ್ಲಿ ಆತ ಎರೆಹುಳುಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಅಲ್ಲಿನ ನೆಲದಲ್ಲಿ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಲೆಕ್ಕ ಹಾಕಿದ. ಹುಳು ಬಿಲದೊಳಕ್ಕೆ ಎಳೆದುಕೊಂಡ ಎಲೆಯನ್ನು ತಿನ್ನುವ ಮೊದಲೇ ಬಾಯಿಂದ ಒಂದು ರಸ ಸುರಿಸಿ ತೋಯಿಸುತ್ತದೆ ಎಂಬುದನ್ನೂ ಗಮನಿಸಿದ. ಅಂದರೆ ಹುಳುವಿನ ಜೀರ್ಣಕ್ರಿಯೆ ಹೊಟ್ಟೆಯ ಹೊರಗೇ ಆರಂಭವಾಗುತ್ತದೆ. ಈ ಮಾತನ್ನು ಸದಸ್ಯರು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ತುದಿ ನಮ್ಮ ಕೊಟ್ಟಿಗೆಯಲ್ಲೇ ಇದೆ. ಹಸು ಹುಲ್ಲು ತಿನ್ನುತ್ತದೆ. ಆದರೆ ಹುಲ್ಲಿನ ನಾರನ್ನು, ಅಂದರೆ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಹಸುವಿನ ಮೈಯಲ್ಲಿ ಹುಟ್ಟುವುದಿಲ್ಲ. ಹೊಟ್ಟೆಯ ಮೊದಲ ಚೀಲದಲ್ಲಿ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಹಸು ಅವಕ್ಕೆ ಬೆಚ್ಚಗಿನ ಜಾಗ, ನೀರು, ಮೇವು ಒದಗಿಸುತ್ತದೆ. ಮೆಲುಕು ಹಾಕಿ ಮತ್ತೆ ಮತ್ತೆ ಅರೆದು ಕೊಡುತ್ತದೆ. ಮೇವು ಆ ಚೀಲದಲ್ಲಿ ಒಂದೆರಡು ದಿನವಾದರೂ ನಿಲ್ಲುತ್ತದೆ. ಎರೆಹುಳುವಿಗೆ ಅಷ್ಟು ವ್ಯವಧಾನವಿಲ್ಲ. ಮಣ್ಣು ತಿಂದು ಬದುಕುವ ಹುಳು ದಿನಕ್ಕೆ ತನ್ನ ಮೈತೂಕದ ಹಲವು ಪಟ್ಟು ಮಣ್ಣನ್ನು ನುಂಗುತ್ತದೆ, ಆ ಮಣ್ಣು ಕೆಲವೇ ಗಂಟೆಗಳಲ್ಲಿ ಹಿಕ್ಕೆಯಾಗಿ ಹೊರಬೀಳುತ್ತದೆ. ಇಷ್ಟು ಅಲ್ಪ ಸಮಯದಲ್ಲಿ, ಇಷ್ಟು ಬಡ ಆಹಾರದಿಂದ ಅದು ಹೇಗೆ ಬದುಕುತ್ತದೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಫ್ರಾನ್ಸಿನ ಪ್ಯಾಟ್ರಿಕ್ ಲವೆಲ್ ಮತ್ತು ಅವರ ಸಂಗಡಿಗರು ಮುಖ್ಯರು. ಅವರು ಹೆಚ್ಚಾಗಿ ನೋಡಿದ ಹುಳು 'ಪಾಂಟೊಸ್ಕೋಲೆಕ್ಸ್ ಕೊರೆತ್ರೂರಸ್'. ಹೆಸರು ದೊಡ್ಡದು, ಹುಳು ನಮಗೆ ಅಪರಿಚಿತವಲ್ಲ. ದಕ್ಷಿಣ ಅಮೆರಿಕ ಮೂಲದ ಇದು ಗಿಡಗಳ ಬುಡದ ಮಣ್ಣಿನ ಜೊತೆ ಪ್ರಪಂಚದ ಉಷ್ಣ ದೇಶಗಳಿಗೆಲ್ಲ ಹರಡಿ, ನಮ್ಮ ಪಶ್ಚಿಮ ಘಟ್ಟದ ತೋಟಗಳಿಗೂ ಬಂದು ನೆಲೆಸಿದೆ. ಬಿಳಿಚಾದ ಮೈ, ಬಾಲದ ಕಡೆ ಮುಟ್ಟಿದರೆ ಬ್ರಷ್ಷಿನಂತೆ ಒರಟು. ಅದರ ಕರುಳಿನ ಮೊದಲ ಭಾಗದಲ್ಲಿ ನುಂಗಿದ ಮಣ್ಣಿಗೆ ಧಾರಾಳವಾಗಿ ನೀರು ಸೇರುತ್ತದೆ. ಜೊತೆಗೆ ಹುಳು ತನ್ನ ಮೈಯಿಂದ ಸಕ್ಕರೆ, ಸಸಾರಜನಕ ತುಂಬಿದ ಒಂದು ಲೋಳೆಯನ್ನು ಸುರಿಸುತ್ತದೆ. ಆಶ್ಚರ್ಯವೆಂದರೆ, ಕರುಳಿನ ಹಿಂಭಾಗಕ್ಕೆ ಬರುವಷ್ಟರಲ್ಲಿ ಆ ಲೋಳೆ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಅದನ್ನು ಉಂಡು ಚಟುವಟಿಕೆಗೆ ಬಂದಿರುತ್ತವೆ. ಹೀಗೆ ಬಲ ಬಂದ ಮೇಲೆ ಅವು ಮಣ್ಣಿನಲ್ಲಿರುವ ಹಳೆಯ ಎಲೆ, ಬೇರಿನ ಗಟ್ಟಿ ಪದಾರ್ಥಗಳನ್ನು ಒಡೆಯಲು ತೊಡಗುತ್ತವೆ. ಒಡೆದು ಬಂದುದರಲ್ಲಿ ಹುಳುವಿಗೂ ಪಾಲು.

ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಯಾವಾಗಲೂ ನಿದ್ದೆಯಲ್ಲೇ ಇರುತ್ತವೆ. ಅವಕ್ಕೆ ನಡೆಯಲು ಕಾಲಿಲ್ಲ. ಒಂದು ಕೂದಲೆಳೆಯಷ್ಟು ದೂರದಲ್ಲಿ ಆಹಾರವಿದ್ದರೂ ಹೋಗಿ ತಿನ್ನಲಾರವು. ಹುಳು ನುಂಗಿದಾಗ ನೀರು, ಲೋಳೆ, ಅರೆದ ಆಹಾರ ಮೂರೂ ಒಟ್ಟಿಗೆ ಸಿಕ್ಕಿ ಎಚ್ಚರವಾಗುತ್ತವೆ. ಲವೆಲ್ ಇದನ್ನು ಯುರೋಪಿನ ಮಲಗಿದ ರಾಜಕುಮಾರಿಯ ಕಥೆಗೆ ಹೋಲಿಸಿದರು. ನಮ್ಮವರಿಗೆ ಅಹಲ್ಯೆಯ ಕಥೆ ಹತ್ತಿರವಾದೀತು. ಕಲ್ಲಿನಂತೆ ಬಿದ್ದಿದ್ದ ಜೀವ ಒಂದು ಸ್ಪರ್ಶಕ್ಕೆ ಎದ್ದ ಹಾಗೆ.

ಇದೇ ಹುಳುವಿನ ಮೇಲೆ 1993ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಹುಳುವಿನ ಕರುಳಿನ ಗೋಡೆಯ ತುಂಡನ್ನು ಪ್ರಯೋಗಶಾಲೆಯಲ್ಲಿ ಬೇರೆಯಾಗಿ ಸಾಕಿ, ಅದು ಯಾವ ಕಿಣ್ವಗಳನ್ನು ತಾನೇ ಸ್ರವಿಸುತ್ತದೆ ಎಂದು ಪರೀಕ್ಷಿಸಿದರು. ಪಿಷ್ಟವನ್ನು ಒಡೆಯುವ ಕಿಣ್ವ ಬಂತು. ಸೆಲ್ಯುಲೋಸನ್ನು ಒಡೆಯುವ ಕಿಣ್ವ ಬರಲಿಲ್ಲ. ಜೀವಂತ ಹುಳುವಿನ ಹೊಟ್ಟೆಯಲ್ಲಿ ಅದು ಇದೆ, ಕರುಳಿನ ಗೋಡೆ ಮಾತ್ರ ಅದನ್ನು ಮಾಡುವುದಿಲ್ಲ. ಆದ್ದರಿಂದ ಅದು ಮಣ್ಣಿನ ಜೊತೆ ಒಳಹೋದ ಸೂಕ್ಷ್ಮಜೀವಿಗಳದು ಎಂದು ತೀರ್ಮಾನಿಸಿದರು. ಎಲ್ಲ ಜಾತಿಯ ಹುಳುಗಳೂ ಹೀಗೇ ಎಂದು ಹೇಳುವಂತಿಲ್ಲ. ಜಪಾನಿನ ಒಂದು ಜಾತಿಯ ಹುಳುವಿಗೆ ನಾರನ್ನು ಒಡೆಯುವ ಸ್ವಂತ ಕಿಣ್ವ ಇದೆ ಎಂದು 2009ರಲ್ಲಿ ಪ್ರಕಟವಾಗಿದೆ. ಹೊಟ್ಟೆಯಲ್ಲಿ ಶಾಶ್ವತವಾದ ಸಂಸಾರ ಕಟ್ಟಿಕೊಳ್ಳುವುದಕ್ಕಿಂತ, ಆಯಾ ನೆಲದ ಸೂಕ್ಷ್ಮಜೀವಿಗಳನ್ನೇ ದಿನವೂ ನುಂಗಿ, ದುಡಿಸಿಕೊಂಡು, ಹೊರಬಿಡುವುದು ಮಣ್ಣು ತಿನ್ನುವ ಹುಳುಗಳ ಸಾಮಾನ್ಯ ರೀತಿ.

ಹೊರಬಿದ್ದ ಹಿಕ್ಕೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಎಚ್ಚರವಾದ ಸೂಕ್ಷ್ಮಜೀವಿಗಳು ಅಲ್ಲಿ ಕೆಲವು ದಿನ ಎಲೆಯ ಚೂರುಗಳನ್ನು ಒಡೆಯುತ್ತಲೇ ಇರುತ್ತವೆ. ಅದು ಹದವಾದ ಮೇಲೆ ಹುಳುಗಳು ಮತ್ತೆ ಬಂದು ಆ ಹಿಕ್ಕೆ ಬೆರೆತ ಮಣ್ಣನ್ನೇ ತಿನ್ನುವುದುಂಟು. ಹಸು ಮೆಲುಕು ಹಾಕಿದಂತೆಯೇ ಇದು. ಒಂದೇ ವ್ಯತ್ಯಾಸವೆಂದರೆ ಹಸುವಿನ ಚೀಲ ಅದರ ಮೈಯೊಳಗಿದೆ. ಎರೆಹುಳುವಿನ ಚೀಲ ತೋಟದ ನೆಲದಲ್ಲಿದೆ. ದರಗು ಹೊದ್ದು ತೇವವಾಗಿರುವ ಮೇಲ್ಮಣ್ಣೇ ಅದರ ಅರ್ಧ ಹೊಟ್ಟೆ. ನನ್ನ ಅಂಗಳದಂಥ ತೋಟಕ್ಕೆ ಹುಳು ಬಿಟ್ಟಾಗ ನಾನು ಬಿಟ್ಟದ್ದು ಅರ್ಧ ಪ್ರಾಣಿಯನ್ನು. ಉಳಿದ ಅರ್ಧವನ್ನು ನಾನೇ ಗುಡಿಸಿ ಹೊರಗೆ ಹಾಕಿದ್ದೆ.

ಈಗ ಬಾಟಲಿಯ ಮಾತಿಗೆ ಬರೋಣ. ಕಿಣ್ವವೆಂದರೆ ಒಂದು ಬಗೆಯ ಸಸಾರಜನಕ ವಸ್ತು. ಅದನ್ನು ಮಣ್ಣಿಗೆ ಸುರಿದರೆ ಸ್ವಲ್ಪ ಭಾಗ ಜೇಡಿಯ ಕಣಕ್ಕೆ ಅಂಟಿಕೊಳ್ಳುತ್ತದೆ, ಉಳಿದುದನ್ನು ಸೂಕ್ಷ್ಮಜೀವಿಗಳು ಆಹಾರವೆಂದು ತಿಂದುಹಾಕುತ್ತವೆ. ಮಾರಾಟಗಾರರ ಕರಪತ್ರದಲ್ಲಿ ಒಂದು ಎಕರೆಗೆ ಒಂದು ಲೀಟರ್ ಸಾಕು ಎಂದಿದೆ. ಒಂದು ಎಕರೆಯ ಅರ್ಧ ಅಡಿ ಆಳದ ಮೇಲ್ಮಣ್ಣಿನ ತೂಕ ಸುಮಾರು 900 ಟನ್. ಅದರೊಳಗೆ ಒಂದು ಲೀಟರ್ ಎಷ್ಟರ ಪಾಲು ಎಂದು ಸದಸ್ಯರೇ ಯೋಚಿಸಬೇಕು. ಕಿಣ್ವ ದಿನದಿನವೂ ಹುಟ್ಟಬೇಕಾದ ವಸ್ತು, ಅದನ್ನು ಹುಟ್ಟಿಸುವ ಜೀವಿಗಳಿಗೆ ಮೇವು ಬೇಕು. ಮೇವಿದ್ದರೆ ಬಾಟಲಿ ಬೇಡ, ಮೇವಿಲ್ಲದಿದ್ದರೆ ಬಾಟಲಿಯಿಂದ ಪ್ರಯೋಜನವಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. 'ಎರೆಗೊಬ್ಬರ ಮಾಡಿ ಲಾಭ ಕಂಡವರು ನಮ್ಮಲ್ಲೇ ಇದ್ದಾರಲ್ಲ?' ಖಂಡಿತ ಇದ್ದಾರೆ, ಅದಕ್ಕೆ ನನ್ನ ವಿರೋಧವಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಸಂಗಡಿಗರು 1980ರ ದಶಕದಿಂದ ಈ ಬಗ್ಗೆ ಮಾಡಿದ ಕೆಲಸ ರಾಜ್ಯಕ್ಕೆಲ್ಲ ಉಪಕಾರವಾಗಿದೆ. ವಿಟ್ಲದ ಸಂಶೋಧನಾ ಕೇಂದ್ರದವರು ಅಡಿಕೆಯ ಸೋಗೆ, ಹಾಳೆಗಳಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ತೋರಿಸಿಕೊಟ್ಟಿದ್ದಾರೆ. ಆದರೆ ತೊಟ್ಟಿಯಲ್ಲಿ ಸಾಕುವ ಹುಳು ಬೇರೆ, ತೋಟದ ಮಣ್ಣಿನಲ್ಲಿ ಬದುಕುವ ಹುಳು ಬೇರೆ. ತೊಟ್ಟಿಯ ಹುಳು ಮೇಲ್ಮಟ್ಟದ ಕೊಳೆತ ಸಗಣಿ, ಸೊಪ್ಪಿನಲ್ಲಿ ಬಾಳುವಂಥದು. ಬರೀ ಮಣ್ಣಿಗೆ ಇಳಿಸಿದರೆ ಹಸಿದು ಸಾಯುತ್ತದೆ. ಮಣ್ಣಿನ ಹುಳು ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ತೊಟ್ಟಿ ಕಟ್ಟಿ, ಸಗಣಿ ಬೆರೆಸಿ, ನೆರಳು ನೀರು ಕೊಟ್ಟು ಸಾಕುವವರು ನೆರೆಯವರಿಂದ ಒಂದು ಬೊಗಸೆ ಹುಳು ತಂದರೆ ಸಾಕು. ನಮ್ಮ ಮುಂದಿರುವ ಸಲಹೆ ತೊಟ್ಟಿಗಲ್ಲ, ನೇರ ತೋಟಕ್ಕೆ ಬಿಡುವುದಕ್ಕೆ.

ನೇರ ನೆಲಕ್ಕೆ ಹುಳು ಬಿಟ್ಟು ಗೆದ್ದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1990ರ ದಶಕದಲ್ಲಿ ತಮಿಳುನಾಡಿನ ಕೆಲವು ಟೀ ಎಸ್ಟೇಟುಗಳಲ್ಲಿ ಒಡಿಶಾದ ಬಿ. ಕೆ. ಸೇನಾಪತಿ ಮತ್ತು ಲವೆಲ್ ಅವರ ತಂಡ ಪ್ರಯೋಗ ನಡೆಸಿತು. ಹಲವು ದಶಕ ರಾಸಾಯನಿಕ ಗೊಬ್ಬರ ಕಂಡು ಸೊರಗಿದ ನೆಲ. ಗಿಡದ ಸಾಲುಗಳ ನಡುವೆ ಅಗಳು ತೆಗೆದು, ಸವರಿದ ಟೀ ರೆಂಬೆಗಳನ್ನೂ ಸಾವಯವ ಗೊಬ್ಬರವನ್ನೂ ಪದರ ಪದರವಾಗಿ ತುಂಬಿ, ಅದಕ್ಕೆ ಹುಳು ಬಿಟ್ಟರು. ಸೊಪ್ಪಿನ ಇಳುವರಿ ಗಣನೀಯವಾಗಿ ಏರಿತು. ಗಮನಿಸಬೇಕಾದುದೇನೆಂದರೆ, ಅವರು ಮೊದಲು ಅಗಳು ತುಂಬಿದರು, ಆಮೇಲೆ ಹುಳು ಬಿಟ್ಟರು. ಕಾಫಿ ತೋಟದಲ್ಲಿ ನಮ್ಮ ಹಿರಿಯರು ತೆಗೆಯುತ್ತಿದ್ದ ತೊಟ್ಟಿಲು ಗುಂಡಿಗಳು ಇದಕ್ಕೆ ದೂರದ ನೆಂಟನೇನಲ್ಲ. ನೀರು ಇಂಗಿಸಲೆಂದು ತೆಗೆದ ಆ ಗುಂಡಿಗೆ ದರಗು ಬಿದ್ದು ಕೊಳೆತು, ಅಗೆದಾಗಲೆಲ್ಲ ಹುಳು ಸಿಗುತ್ತಿದ್ದುದು ಹಲವರಿಗೆ ನೆನಪಿರಬಹುದು. ಕೂಲಿ ದುಬಾರಿಯಾಯಿತೆಂದು ಅವನ್ನು ಹೂಳಲು ಬಿಟ್ಟವರು ನಾವೇ.

ಹುಳು ಇದ್ದ ಮಾತ್ರಕ್ಕೆ ಮಣ್ಣು ಒಳ್ಳೆಯದಾಗುತ್ತದೆ ಎಂಬುದೂ ನಿಜವಲ್ಲ. ಬ್ರೆಜಿಲಿನ ಮನಾಸ್ ಎಂಬಲ್ಲಿ ಅಮೆಜಾನ್ ಕಾಡನ್ನು ಯಂತ್ರಗಳಿಂದ ಬೋಳಿಸಿ ಹುಲ್ಲುಗಾವಲು ಮಾಡಿದಾಗ, ಬೇರೆ ಮಣ್ಣುಜೀವಿಗಳೆಲ್ಲ ಅಳಿದು ಇದೇ ಪಾಂಟೊಸ್ಕೋಲೆಕ್ಸ್ ಹುಳು ಒಂದೇ ಮಿತಿಮೀರಿ ಬೆಳೆಯಿತು. ಅದರ ಹಿಕ್ಕೆ ನೆಲದ ಮೇಲೆ ಜಿಗುಟಾದ ಹೆಪ್ಪಾಗಿ ಕೂತು, ನೀರು ಇಂಗದೆ ಹುಲ್ಲು ಸತ್ತಿತು. ಇದು 1999ರಲ್ಲಿ ಪ್ರಕಟವಾದ ಸಂಗತಿ. ಅಲ್ಲಿನ ಮಣ್ಣಿನ ಗಟ್ಟಿಗಳನ್ನು ಕಿತ್ತು ಪಕ್ಕದ ಕಾಡಿನೊಳಗೆ ಇಟ್ಟಾಗ, ಕಾಡಿನ ಜೀವಿಗಳು ಒಳಹೊಕ್ಕು ಒಂದು ವರ್ಷದಲ್ಲಿ ಅದೇ ಮಣ್ಣು ಮತ್ತೆ ಸಡಿಲವಾಯಿತು. ತಮಿಳುನಾಡಿನಲ್ಲಿ ಉಪಕಾರ ಮಾಡಿದ ಹುಳುವೂ ಇಲ್ಲಿ ನೆಲ ಕೆಡಿಸಿದ ಹುಳುವೂ ಒಂದೇ ಜಾತಿ. ಬದಲಾದದ್ದು ಅದಕ್ಕೆ ಸಿಕ್ಕ ಮೇವು ಮತ್ತು ಸಂಗಡಿಗರು.

ಹಾಗಾದರೆ ನಮ್ಮ ತೋಟದ ಮೇವು ಯಾವುದು? ಹಾಲುವಾಣದ ಎಲೆ ಬೇಗ ಕರಗುತ್ತದೆ. ಸಿಲ್ವರ್ ಓಕಿನ ಎಲೆ, ಅಡಿಕೆಯ ಸೋಗೆ, ಹಾಳೆ ನಿಧಾನ. ಹಲವು ಎಲೆಗಳಲ್ಲಿ ಒಗರಿನ ಪದಾರ್ಥಗಳಿದ್ದು, ಅವು ಸಾಮಾನ್ಯ ಪ್ರಾಣಿಗಳ ಹೊಟ್ಟೆಯ ಕಿಣ್ವಗಳನ್ನು ಹಿಡಿದು ಕಟ್ಟಿಹಾಕುತ್ತವೆ. ಎರೆಹುಳು ಇದನ್ನು ಹೇಗೆ ತಾಳುತ್ತದೆ ಎಂಬುದು 2015ರಲ್ಲಿ ತಿಳಿಯಿತು. ಅದರ ಕರುಳಿನಲ್ಲಿ ಸೋಪಿನ ಗುಣದ ಒಂದು ವಿಶೇಷ ವಸ್ತುವಿದ್ದು, ಅದು ಒಗರಿನಿಂದ ಕಿಣ್ವಗಳನ್ನು ಕಾಪಾಡುತ್ತದೆ. ಒಗರು ಹೆಚ್ಚಿರುವ ಎಲೆ ತಿನ್ನುವಾಗ ಆ ವಸ್ತು ಹೆಚ್ಚು ಇರುತ್ತದೆ ಎಂದೂ ಕಂಡುಬಂದಿದೆ. ಒಣಗಿದ ಎಲೆಯ ರಾಶಿಯನ್ನು ಬಹುಪಾಲು ಪ್ರಾಣಿಗಳು ಮುಟ್ಟದಿದ್ದಾಗ ಎರೆಹುಳು ಅದರ ಮೇಲೆ ಬದುಕುವುದರ ಗುಟ್ಟು ಇದು. ನಾವು ಕಸವೆಂದು ಬೇಲಿಯಾಚೆ ಎಸೆಯುವ ದರಗನ್ನು ತಿನ್ನಲೆಂದೇ ಪ್ರಕೃತಿ ಇದನ್ನು ಸಜ್ಜುಗೊಳಿಸಿದೆ. ಬೇಗ ಕರಗುವ ಸೊಪ್ಪನ್ನೂ ನಿಧಾನದ ಸೋಗೆಯನ್ನೂ ಬೆರೆಸಿ ಹಾಕಿದರೆ ವರ್ಷವಿಡೀ ಊಟಕ್ಕೆ ಕೊರತೆಯಾಗದು.

ಇನ್ನೊಂದು ಕಹಿ ಮಾತನ್ನು ಹೇಳಲೇಬೇಕು. ಅದು ನಮ್ಮ ಮೈಲುತುತ್ತದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಅವರ ಋಣ ಮಲೆನಾಡಿನ ಮೇಲಿದೆ. ಬೋರ್ಡೋ ಬಿಟ್ಟು ಅಡಿಕೆ ಬೆಳೆಯಿರಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ನಾನೂ ಹೊಡೆಸುತ್ತೇನೆ. ಆದರೆ ಲೆಕ್ಕ ನೋಡಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ. ಎಕರೆಗೆ ಒಂದು ಸಲಕ್ಕೆ 600 ಲೀಟರಿನಂತೆ ಎರಡು ಸಲ ಹೊಡೆದರೆ 12 ಕಿಲೋ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದರೆ ವರ್ಷಕ್ಕೆ 3 ಕಿಲೋ, ನಲವತ್ತು ವರ್ಷಕ್ಕೆ 120 ಕಿಲೋ ತಾಮ್ರ. ತಾಮ್ರ ಕೊಳೆಯುವ ವಸ್ತುವಲ್ಲ. ಮಳೆಗೆ ತೊಳೆದು ಕೆಳಗಿಳಿದುದರಲ್ಲಿ ಬಹುಪಾಲು ಹುಳು ವಾಸಿಸುವ ಮೇಲ್ಮಣ್ಣಿನಲ್ಲೇ ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನ ವಿಸ್ಬೆಕ್ ಎಂಬ ಊರಿನ ಸುತ್ತಿನ ಸೇಬಿನ ತೋಟಗಳಲ್ಲಿ ಬಹುಕಾಲ ತಾಮ್ರದ ಔಷಧಿ ಹೊಡೆದ ಕಡೆ ಎರೆಹುಳುಗಳು ಅಳಿದುಹೋಗಿ, ಉದುರಿದ ಎಲೆ ಕೊಳೆಯದೆ ಚಾಪೆಯಂತೆ ಕೂತಿದ್ದುದನ್ನು 1960ರ ದಶಕದ ಆರಂಭದಲ್ಲೇ ಕಂಡಿದ್ದಾರೆ. ನಮ್ಮಲ್ಲಿ ಕೆಲವರು, 'ಸೋಗೆ ಹಾಕಿದರೂ ಕರಗುವುದಿಲ್ಲ' ಎಂದು ದೂರುತ್ತಾರಲ್ಲ, ಅವರು ಒಮ್ಮೆ ಮಣ್ಣಿನ ತಾಮ್ರ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇದರ ಪರಿಹಾರ ನಮ್ಮ ಕೈಯಲ್ಲೇ ಇದೆ. ಬೇಕಾದಷ್ಟೇ ದ್ರಾವಣ ಕಲಸಬೇಕು. ಉಳಿದುದನ್ನು ಮರದ ಬುಡಕ್ಕೋ ಬಸಿಗಾಲುವೆಗೋ ಚೆಲ್ಲುವ ಅಭ್ಯಾಸ ಬಿಡಬೇಕು. ಕೊನೆಗೆ ಕೊಟ್ಟೆ ಕಟ್ಟಲು ಸಾಧ್ಯವಿರುವಲ್ಲಿ ಕಟ್ಟಬೇಕು. ಸಾವಯವ ಪದಾರ್ಥ ಹೆಚ್ಚಿದ್ದು, ಸುಣ್ಣ ಹಾಕಿ ಹುಳಿ ತಗ್ಗಿಸಿದ ಮಣ್ಣಿನಲ್ಲಿ ತಾಮ್ರದ ಉಪದ್ರವ ಕಡಿಮೆ. ಅಂದರೆ ಇಲ್ಲಿಯೂ ದರಗೇ ನೆರವಿಗೆ ಬರುತ್ತದೆ.

'ಕಾರ್ಯದರ್ಶಿಗಳೇ, ಸೋಗೆ ಕೊಚ್ಚಿ ಹರಡಲು ಆಳು ಎಲ್ಲಿದೆ?' ಎಂದು ಸಂಘದ ಕಟ್ಟೆಯ ಮೇಲೆ ಒಬ್ಬ ಸದಸ್ಯರು ಕೇಳಿದರು. ಸರಿಯಾದ ಪ್ರಶ್ನೆ. ಇಡೀ ಸೋಗೆಯನ್ನು ಹಾಗೇ ಎಳೆದು ಹಾಕಿದರೆ ಕಾಲಿಗೆ ತೊಡರುತ್ತದೆ, ಅಡಿಕೆ ಹೆಕ್ಕಲು ತೊಂದರೆ, ಕರಗಲು ವರ್ಷಗಳೇ ಬೇಕು. ಕೊಚ್ಚಿ ಹಾಕಿದರೆ ಒದ್ದೆಯಾಗಿ ಹುಳುವಿನ ಬಾಯಿಗೆ ಎಟಕುತ್ತದೆ. ಇದಕ್ಕೇ ನನ್ನ ಸಲಹೆ: ಅದೇ 1 ಲಕ್ಷ 80 ಸಾವಿರದಲ್ಲಿ ಸೋಗೆ, ಹಾಳೆ, ಸವರಿದ ರೆಂಬೆಗಳನ್ನು ಕೊಚ್ಚುವ ಯಂತ್ರವನ್ನು ಸಂಘವೇ ಕೊಂಡು, ಸರದಿಯಂತೆ ಸದಸ್ಯರಿಗೆ ಬಾಡಿಗೆಗೆ ಕೊಡಬೇಕು. ಒಂದು ಎಕರೆ, ಎರಡು ಎಕರೆಯವರು ಸ್ವಂತಕ್ಕೆ ಇಂಥ ಯಂತ್ರ ಕೊಳ್ಳಲಾರರು. ಸಹಕಾರ ಸಂಘ ಇರುವುದು ಇಂಥದ್ದಕ್ಕೇ. ಹಂಚಿದ ಹುಳು ಒಂದು ಬೇಸಗೆಗೆ ಮುಗಿಯುತ್ತದೆ, ಬಾಟಲಿ ಒಂದು ದಿನಕ್ಕೆ ಮುಗಿಯುತ್ತದೆ. ಯಂತ್ರ ಹಲವು ವರ್ಷ ದುಡಿಯುತ್ತದೆ.

ಎಚ್ಚರಿಕೆಯ ಒಂದು ಮಾತು. ಎಲೆಚುಕ್ಕಿ ರೋಗ ತಗಲಿದ ಸೋಗೆ, ಕೊಳೆ ಬಂದು ಉದುರಿದ ಕಾಯಿ ಇವುಗಳನ್ನು ಕೊಚ್ಚಿ ತೋಟಕ್ಕೆ ಹರಡಬಾರದು. ಅವನ್ನು ತೆಗೆದು ನಾಶಪಡಿಸಲೇಬೇಕು. ಹುಳುವಿನ ಮೇಲಿನ ಪ್ರೀತಿಯಿಂದ ರೋಗಕ್ಕೆ ಮನೆ ಮಾಡಿಕೊಟ್ಟಂತಾಗಬಾರದು. ಹಾಗೆಯೇ ಯೂರಿಯವನ್ನು ಒಂದೇ ಸಲಕ್ಕೆ ಸುರಿಯುವುದೂ ಒಳ್ಳೆಯದಲ್ಲ. ಹುಳುವಿನ ಕರುಳಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಂಥ ಜಾಗದಲ್ಲಿ ಮಣ್ಣಿನ ನೈಟ್ರೇಟನ್ನು ಅನಿಲವಾಗಿ ಹಾರಿಸಿಬಿಡುವ ಸೂಕ್ಷ್ಮಜೀವಿಗಳೂ ಎಚ್ಚರವಾಗುತ್ತವೆ. ಕೊಟ್ಟ ಗೊಬ್ಬರ ಗಿಡಕ್ಕೆ ಹೋಗಲು, ಕಂತುಕಂತಾಗಿ ಕೊಡುವುದೇ ಕ್ರಮ.

ನನ್ನ ತೋಟದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆ. 2015ರ ನಂತರ ನಾನು ಅಂಗಳದ ಹಾಗಿದ್ದ ಅಡಿಕೆ ತೋಟವನ್ನು ಗುಡಿಸುವುದು ಬಿಟ್ಟೆ. ರೋಗವಿಲ್ಲದ ಸೋಗೆಯನ್ನು ಕತ್ತಿಯಿಂದ ಮೂರು ನಾಲ್ಕು ತುಂಡು ಮಾಡಿ ಮರಗಳ ನಡುವೆ ಹಾಕಿಸಿದೆ. ಮೇಲೆ ಹಾಲುವಾಣದ ಸೊಪ್ಪು, ಸ್ವಲ್ಪ ಸಗಣಿ ಬಗ್ಗಡ. ಮೊದಲ ಎರಡು ವರ್ಷ ಏನೂ ಕಾಣಲಿಲ್ಲ. ಹಳೆಯ ಪರಿಚಯದವರು 'ಏನು, ತೋಟ ಹಾಳು ಬಿಟ್ಟಿರಾ?' ಎಂದು ಕೇಳಿದರು. ಮೂರನೆಯ ಮಳೆಗಾಲದಲ್ಲಿ ಸೋಗೆ ಎತ್ತಿ ನೋಡಿದರೆ ಅಡಿಯಲ್ಲಿ ಕರಿಮಣ್ಣಿನ ಹಿಕ್ಕೆ. ಕೊಂಡು ತಂದ ಕೆಂಪು ಹುಳುವಿನದಲ್ಲ, ಈ ನೆಲದಲ್ಲೇ ಎಲ್ಲೋ ಬಸಿಗಾಲುವೆಯ ಅಂಚಿನಲ್ಲಿ ಅಡಗಿ ಉಳಿದಿದ್ದ ಹುಳುಗಳದು. ಯಾರೂ ಕರೆದಿರಲಿಲ್ಲ, ಊಟ ಇದೆಯೆಂದು ಬಂದಿದ್ದವು.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಮಹಾಸಭೆಗೆ ಬರುವ ಮೊದಲು, ನೆಲ ಒದ್ದೆಯಾಗಿರುವಾಗಲೇ, ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದಲ್ಲಿ ಮೂರು ಕಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಬೇಕು. ಒಂದು ದರಗು ಹೆಚ್ಚಾಗಿ ಬೀಳುವ ಜಾಗದಲ್ಲಿ, ಒಂದು ಬರಿನೆಲದಲ್ಲಿ, ಒಂದು ಔಷಧಿ ಕಲಸುವ ಡ್ರಮ್ಮಿನ ಹತ್ತಿರ. ತೆಗೆದ ಮಣ್ಣನ್ನು ಗೋಣಿಯ ಮೇಲೆ ಹರಡಿ ಹುಳು ಎಣಿಸಬೇಕು. ಎಣಿಸಿದ ಮೇಲೆ ಅವನ್ನು ಮಣ್ಣಿಗೇ ಬಿಟ್ಟು ಮುಚ್ಚಬೇಕು. ನನ್ನಲ್ಲಿ ಕಳೆದ ವರ್ಷ ಕಾಫಿಯ ದರಗಿನಡಿ 14, ಬರಿನೆಲದಲ್ಲಿ 3 ಸಿಕ್ಕವು. ಡ್ರಮ್ಮಿನ ಹತ್ತಿರ ಒಂದೂ ಇರಲಿಲ್ಲ. ಒಂದು ತೋಟದ ಎಣಿಕೆಯಿಂದ ಶಾಸ್ತ್ರ ಆಗುವುದಿಲ್ಲ. ನೂರಾರು ತೋಟಗಳ ಎಣಿಕೆ ಸೇರಿದರೆ ನಮಗೆ ನಮ್ಮದೇ ಲೆಕ್ಕ ಸಿಗುತ್ತದೆ. ಮೂರು ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಸಭೆಗೆ ತನ್ನಿ. ಹುಳು ಕೊಳ್ಳಬೇಕೇ, ಹುಳುವಿಗೆ ಮೇವು ಹಾಕಬೇಕೇ ಎಂಬುದನ್ನು ಆ ಚೀಟಿಗಳನ್ನು ಮೇಜಿನ ಮೇಲಿಟ್ಟುಕೊಂಡು ತೀರ್ಮಾನಿಸೋಣ. ಸಭೆಯ ನಿರ್ಣಯ ನನ್ನ ಅಭಿಪ್ರಾಯಕ್ಕೆ ವಿರುದ್ಧವಾದರೂ ಅದನ್ನು ನಡವಳಿಯಲ್ಲಿ ನಿಷ್ಠೆಯಿಂದ ಬರೆಯುತ್ತೇನೆ, ಜಾರಿಗೂ ತರುತ್ತೇನೆ. ನನ್ನ ಚೀಟಿಯನ್ನು ಮಾತ್ರ ಮೊದಲನೆಯದಾಗಿ ಇಡಲು ಅವಕಾಶ ಕೊಡಬೇಕು.

— ಕಾರ್ಯದರ್ಶಿ